ಹೊಸ ಸ್ಟ್ಯಾಂಡರ್ಡೂ ನನ್ನ ನಾಲಿಗೆಯೂ

ನಂಬಲ್ಲ ನೀವು, ನನಗೆ ಗೊತ್ತು. ಕುಣಿಗಲ್ ಪಕ್ಕದ ಹಳ್ಳಿಯ ಹುಡುಗ ಒಂದೇ ಒಂದು ಪದ ಆಡಿದ್ದಕ್ಕೆ ನಾಲ್ಕು ದೇಶದ ಜನ ಗಾಬರಿಯಾದರು ಅಂದರೆ ಯಾರು ತಾನೇ ನಂಬುತ್ತಾರೆ? ಬೇಕಾದರೆ ವೈಟ್‌ಫೀಲ್ಡಿನ ನಮ್ಮ ಆಫೀಸಿಗೆ ಬಂದು ಕೇಳಿ. ನಾನಿರುವ ಕಡೆ ಇಂಥವು ಆಗುತ್ತಲೇ ಇರುತ್ತವೆ. ನಾನಿಲ್ಲದ ಆಫೀಸುಗಳಲ್ಲಿ ಪಾಪ ಹೇಗೆ ಹೊತ್ತು ಹೋಗುತ್ತದೋ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಎಕ್ಸ್‌ಎಂಎಲ್ ಅಂದರೆ ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ ಜೋಡಿಸಿಟ್ಟ ಮಾಹಿತಿ. ಅದನ್ನು ಪುಸ್ತಕದ ಪುಟವೋ ವೆಬ್ ಪುಟವೋ, ಬೇಕಾದ ರೂಪಕ್ಕೆ ತಿರುಗಿಸಿಕೊಡುವ ಸಾಫ್ಟ್‌ವೇರ್ ನಮ್ಮದು. ಓಪನ್ ಸೋರ್ಸ್. ಅಂದರೆ ಒಳಗಿನ ಕೋಡನ್ನೂ ನಮ್ಮ ಮುಂದಿನ ಯೋಜನೆಯನ್ನೂ ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು. ಹೀಗೆ ತಿರುಗಿಸುವುದಕ್ಕೆ ಎಲ್ಲರೂ ಒಪ್ಪಿದ ನಿಯಮಗಳಿವೆ, ಅದಕ್ಕೆ ಸ್ಟ್ಯಾಂಡರ್ಡ್ ಅಂತಾರೆ. ಮೂರನೆಯದು ನಡೀತಿದೆ, ನಾಲ್ಕನೆಯದು ತಯಾರಾಗುತ್ತಿದೆ. ಅದನ್ನು ನಮ್ಮ ಸಾಫ್ಟ್‌ವೇರಿಗೆ ಹೇಗೆ ತರುವುದು ಅಂತ ಯೋಜನೆ ಹಾಕಲು ಒಬ್ಬರು ಬೇಕಿತ್ತು. "ಶುಕ್ರವಾರದ ಮೀಟಿಂಗ್‌ನಲ್ಲಿ ಯಾರು ಸರಿಯಾಗಿ ಉತ್ತರ ಕೊಡ್ತಾರೋ ಅವರಿಗೆ," ಅಂದರು ನಮ್ಮ ಟೀಮ್ ಲೀಡ್ ಮೇಡಂ. ಅದು ನನಗೇ ಅಂತ ನಾನು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಬೇರೆಯವರಿಗೆ ತಿಳಿಸುವುದೊಂದು ಬಾಕಿ ಇತ್ತು.

ಹೆಣ್ಣು ನೋಡುವ ಕ್ರಮ

ನನ್ನ ರೂಮು ಕಾಡುಗೋಡಿಯಲ್ಲಿ, ಓನರ್ ಗೌಡ್ರ ಮನೆ ತಾರಸಿ ಮೇಲೆ. ಗೌಡ್ರು ಮೊದಲು ರಾಗಿ ಬೆಳೀತಿದ್ದರು, ಈಗ ಬಾಡಿಗೆ ಬೆಳೀತಾರೆ.

ಎಕ್ಸ್‌ಎಂಎಲ್‌ನಲ್ಲಿ ಒಂದೊಂದು ತುಣುಕಿಗೂ ನೋಡ್ ಅಂತ ಹೆಸರು. ಮೇಲಿನದು ಪೇರೆಂಟ್, ಅದರ ಕೆಳಗಿನದು ಚೈಲ್ಡ್. ಭಾನುವಾರ ಬೆಳಗ್ಗೆ ಬಟ್ಟೆ ಒಣಗಹಾಕುತ್ತಾ, ಹೊಸೂರಿನ ಒಬ್ಬ ಸಹೋದ್ಯೋಗಿಗೆ ಫೋನಿನಲ್ಲಿ ಪಾಠ ಮಾಡುತ್ತಿದ್ದೆ. "ಮೊದ್ಲು ಪೇರೆಂಟ್ ನೋಡ್ ನೋಡು ಮಗಾ. ಆಮೇಲೆ ಚೈಲ್ಡ್ ನೋಡ್ ನೋಡು. ಸರಿ ಇದ್ರೆ ಮುಂದಕ್ಕೆ ಓಗು."

ತಿರುಗಿದರೆ ಗೌಡ್ರು ನಿಂತಿದ್ದಾರೆ. "ಸರಿಯಾಗ್ ಏಳ್ದೆ ಕಣಪ್ಪಾ. ಮೊದ್ಲು ಅಪ್ಪ-ಅಮ್ಮನ್ನ ನೋಡ್ಬೇಕು, ಆಮೇಲೇ ಉಡ್ಗಿ. ಯಾವೂರ ಸಂಬಂಧ?"

"ಸಂಬಂಧ ಅಲ್ಲ ಗೌಡ್ರೇ, ಕಂಪ್ಯೂಟ್ರು," ಅನ್ನುವಷ್ಟರಲ್ಲಿ ಹೊಸೂರಿನವನು ಮತ್ತೆ ಏನೋ ಕೇಳಿದ. "ಪೇರೆಂಟ್ ಇಲ್ಲ ಅಂದ್ರೆ ಬಿಟ್ಟಾಕು, ಮುಂದಿಂದು ನೋಡು," ಅಂದೆ.

ಗೌಡ್ರ ಮುಖ ಸಪ್ಪಗಾಯಿತು. "ಅಪ್ಪ-ಅಮ್ಮ ಇಲ್ದಿದ್ರೆ ಅದ್ರಾಗೆ ಉಡ್ಗಿದೇನಪ್ಪಾ ತಪ್ಪು? ಇನ್ನೊಂದ್ ಸಲ ಯೋಚ್ನೆ ಮಾಡು."

ಸೋಮವಾರ ಆಫೀಸಿನಲ್ಲಿ ಯೋಚನೆ ಮಾಡಿ ನೋಡಿದರೆ, ನಾವು ಬಿಟ್ಟು ಹಾಕಿದ ನೋಡ್‌ಗಳಲ್ಲೇ ಬೇಕಾದ ಮಾಹಿತಿ ಇತ್ತು. ನಮ್ಮ ಸಾಫ್ಟ್‌ವೇರಿನ ಒಂದು ದೋಷವನ್ನು ಹಿಡಿದವರು ಕಾಡುಗೋಡಿ ಗೌಡ್ರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾನೂ ಹೇಳಿಲ್ಲ, ಹೆಸರು ನನಗೆ ಬಂದಿತ್ತು.

ಮೂರು ಮುಗಿದು ನಾಲ್ಕಕ್ಕೆ

ಇಂಥ ಸುದ್ದಿ ಊರಿಗೆ ತಲುಪದಿದ್ದರೆ ಹೇಗೆ? ದೊಡ್ಡವ್ವನಿಗೆ ಫೋನ್ ಮಾಡಿದೆ.

"ದೊಡ್ಡವ್ವ, ಮೂರ್ನೇ ಸ್ಟ್ಯಾಂಡರ್ಡ್ ಮುಗೀತಾ ಬಂತು. ಇನ್ಮೇಲೆ ನಾಲ್ಕ್ನೇ ಸ್ಟ್ಯಾಂಡರ್ಡು. ಎಲ್ಲಾ ನನ್ ಕೈಲೇ."

"ಇಂಜಿನಿಯರಿಂಗ್ ಮಾಡೀನಿ ಅಂದಿದ್ಯಲ್ಲೋ?"

"ಮಾಡೀನಿ."

"ಮತ್ತೆ ಮೂರ್ನೇ ಕ್ಲಾಸ್ನಾಗೆ ಯಾಕ್ಲಾ ಕೂರ್ಸವ್ರೆ?"

"ಇದು ಇಸ್ಕೂಲ್ ಅಲ್ಲ ದೊಡ್ಡವ್ವ. ಪ್ರಪಂಚದಾಗೆ ಎಲ್ರೂ ಇನ್ನೂ ಮೂರ್ರಲ್ಲೇ ಅವ್ರೆ."

"ಅಂಗಾದ್ರೆ ಬಿಡು," ದೊಡ್ಡವ್ವನಿಗೆ ಸಮಾಧಾನವಾಯಿತು. "ಎಲ್ರೂ ಫೇಲಾಗಿದ್ರೆ ನಾಚ್ಕೆ ಏನಿಲ್ಲ."

ಹನ್ನೊಂದು ನಿಲ್ದಾಣ

ಶುಕ್ರವಾರ ಬಂತು. ಮೇಡಂ ಮೆಟ್ರೋದಲ್ಲಿ ಬರುತ್ತಾ ಫೋನಿನಿಂದಲೇ ಮೀಟಿಂಗ್ ಸೇರಿದರು. ಹೊಸೂರಿನವನು ಬರೆದುಕೊಳ್ಳಲು ಕೂತ. ಮನೆಮಾತು ತಮಿಳು, ಕನ್ನಡ ಆಫೀಸಿನಲ್ಲೇ ಕಲಿತವನು, ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತಾನೆ. ಅವನ ಪಟ್ಟಿಯಲ್ಲಿ ಹೊಸ ಸ್ಟ್ಯಾಂಡರ್ಡಿನ ಹನ್ನೊಂದು ಅಂಶ. ಪ್ರತಿಯೊಂದರ ಮುಂದೆ ಎರಡು ಮನೆ: ಸಾಧ್ಯ, ಅಸಾಧ್ಯ.

ಊರಲ್ಲಾದರೆ ನಾವು ‘ಅಂಗಲ್ಲ’ ಅಂತೀವಿ. ಮೀಟಿಂಗಿಗೆ ಅದು ಒಪ್ಪಲ್ಲ ಅಂತ ನಾನು ಎರಡು ದಿನ ಕನ್ನಡಿ ಮುಂದೆ ನಿಂತು ‘ಹಾಗಲ್ಲ’ ಅಭ್ಯಾಸ ಮಾಡಿದ್ದೆ.

"ಮೊದಲನೇದು, ಈಗಿರೋ ಕೋಡಿಗೇ ಸೇರಿಸಿಬಿಟ್ರೆ ಸಾಕಲ್ವಾ?" ಅಂದರು ಮೇಡಂ.

"ಹಾಗಲ್ಲ ಮೇಡಂ," ಅಂದು, ಮತ್ತೆ ಹೇಗೆ ಅಂತ ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ಫೋನಿನೊಳಗೆ ಮುಂದಿನ ನಿಲ್ದಾಣದ ಹೆಸರು ಕೂಗಿದರು. ನನ್ನ ವಿವರಣೆ ಅದರಲ್ಲಿ ಮುಳುಗಿತು. ಮೇಡಂ ಎರಡನೇದಕ್ಕೆ ಹೋದರು. ಅದಕ್ಕೂ ಹಾಗಲ್ಲ ಮೇಡಂ. ಮೂರನೇದಕ್ಕೂ ಹಾಗಲ್ಲ ಮೇಡಂ. ಹನ್ನೊಂದು ನಿಲ್ದಾಣ, ಹನ್ನೊಂದು ಅಂಶ, ಒಂದಕ್ಕೂ ತಡವರಿಸಲಿಲ್ಲ. ಹೊಸೂರಿನವನು ತಲೆ ಎತ್ತದೆ ಗುರುತು ಹಾಕುತ್ತಿದ್ದ. ಕೆಲಸ ನನ್ನದಾಯಿತು ಅಂತ ಕೆಳಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ.

ಹ

ಪಟ್ಟಿ ಅವತ್ತು ಸಂಜೆಯೇ ಎಲ್ಲರಿಗೂ ಕಾಣುವ ನಮ್ಮ ಪುಟಕ್ಕೆ ಹೋಯಿತು. ಸೋಮವಾರ ಬಂದು ನೋಡಿದರೆ ನಾಲ್ಕು ದೇಶದ ಬಳಕೆದಾರರ ಪತ್ರಗಳ ರಾಶಿ. ಜರ್ಮನಿಯವನೊಬ್ಬ ಬೇರೆ ಸಾಫ್ಟ್‌ವೇರ್ ಹುಡುಕಿಕೊಳ್ಳಲೇ ಅಂತ ಕೇಳಿದ್ದ. ಜಪಾನಿನವರೊಬ್ಬರು ನಮಗೆ ಧೈರ್ಯ ಹೇಳಿದ್ದರು.

ಮೇಡಂ ನಮ್ಮಿಬ್ಬರನ್ನೂ ಕರೆದು ಪಟ್ಟಿ ತೋರಿಸಿದರು. ಹನ್ನೊಂದಕ್ಕೆ ಹನ್ನೊಂದೂ ಅಸಾಧ್ಯ.

"ಒಂದಾದ್ರೂ ಆಗುತ್ತೆ ಅನ್ನಬಾರದೇನೋ? ನಂಗೂ ಫೋನಲ್ಲಿ ಹಾಗೇ ಕೇಳಿಸ್ತು. ಈ ಕೆಲಸ ನಿಂಗೆ ಕೊಡೋಣ ಅಂತಿದ್ದೆ."

ನಾನು ಎರಡೂ ಕೈ ಅಲ್ಲಾಡಿಸಿದೆ. "ಆಗಲ್ಲ ಮೇಡಂ..."

"ನೋಡು, ಮತ್ತೆ!"

"ಅಯ್ಯೋ ಆಗಲ್ಲ ಅಲ್ಲ ಮೇಡಂ, ಆಗಲ್ಲ!"

ಹೊಸೂರಿನವನು ನನ್ನ ಭುಜ ಮುಟ್ಟಿದ. "ಮಚ್ಚಾ, ಆಗಲ್ಲ ಅಂತ ಒಂದ್ಸಲ ಹೇಳಿದ್ರೆ ಸಾಕು. ಅವತ್ತೂ ಅಷ್ಟೇ, ಆಗಲ್ಲ ಅಂದ್ಮೇಲೂ ಯಾಕೆ ಇಷ್ಟುದ್ದ ಮಾತಾಡ್ತಾನೆ ಅನ್ಕೊಂಡೆ."

ನಾನು ಎದ್ದು ಹೋಗಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಹಾಗಲ್ಲ.

ಮೇಡಂ ಬೋರ್ಡು ನೋಡಿದರು, ನನ್ನ ಬಾಯಿ ನೋಡಿದರು. "ಇದರಲ್ಲಿರೋ ‘ಹ’ ಎಲ್ಲಿ ಹೋಗಿತ್ತೋ?"

"ಊರಲ್ಲೇ ಇಲ್ಲ ಮೇಡಂ, ಇಲ್ಲಿಗೆ ಎಲ್ಲಿಂದ ತರ್ಲಿ?"

ಅವರು ಕುರ್ಚಿಗೆ ಒರಗಿ ನಕ್ಕರು, ಕಣ್ಣೊರೆಸಿಕೊಂಡರು. "ಸರಿ. ಹಾಗಲ್ಲ ಅಂದ್ರೆ ಮತ್ತೆ ಹೇಗೆ? ಬಾಯಿ ಬಿಡಬೇಡ. ಬರಿ."

ಮಧ್ಯಾಹ್ನದವರೆಗೆ ನಿಂತು ಬರೆದೆ. ಹನ್ನೊಂದೂ ಹೇಗೆ ಆಗುತ್ತೆ ಅಂತ ಬೋರ್ಡು ತುಂಬಿತು. ಎರಡನ್ನು ಮೇಡಂ ತಿದ್ದಿದರು. ಆ ಎರಡು ನನಗೂ ಗೊತ್ತಿತ್ತು, ಅವರಿಗೂ ಏನಾದರೂ ಇರಲಿ ಅಂತ ಬಿಟ್ಟಿದ್ದೆ.

ಸಂಜೆಗೆ ಪಟ್ಟಿ ತಿದ್ದಿದರು. ನಾಲ್ಕನೇ ಸ್ಟ್ಯಾಂಡರ್ಡಿನ ಯೋಜನೆ ನನಗೆ ಕೊಟ್ಟರು. ಅದರ ಜೊತೆಗೆ, ಮೀಟಿಂಗ್‌ಗಳಲ್ಲಿ ಮಾತಾಡುವುದಕ್ಕೆ ಅಂತ, ಒಂದು ಮಾರ್ಕರ್ ಪೆನ್ನು ಕೊಟ್ಟರು.