ಬಾಂಬೆ ರೈಲಿಗೆ ಹಾಕಿದ ಟವಲು

ಕೆಂಪಸಿದ್ದಯ್ಯ ಬಾಂಬೆ ನೋಡಿ ಬಂದೆನೆಂದು ಊರಿಗೆ ಇಳಿದು ಒಂದು ತಿಂಗಳಾಗಿತ್ತು. ಅಷ್ಟು ದಿನದಿಂದಲೂ ಮರಿಸಿದ್ದಯ್ಯನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಇಬ್ಬರದೂ ಒಂದೇ ಬೀದಿ, ಒಂದೇ ವಯಸ್ಸು. ಆದರೆ ಹಲಗೂರು ಬಸ್‌ಸ್ಟ್ಯಾಂಡಿನಲ್ಲಿ ಪಟ್ಟಲಮ್ಮನ ಟೀ ಅಂಗಡಿಯ ಮೊದಲ ಲೋಟ ಈಗ ಕೆಂಪಸಿದ್ದಯ್ಯನಿಗೆ. ಹೆಸರೂ 'ಬಾಂಬೆ ಕೆಂಪಸಿದ್ದಯ್ಯ' ಎಂದಾಗಿತ್ತು.

"ರೈಲ್ ಅತ್ತುತ್ಲೂ ಯಾವೂರು ಅಂದ್ರು. ಮಂಡ್ಯ ಅಂದೆ. ಸಕ್ಕರೆ ಸೀಮೆಯೋರು ಅಂತ ಒಂದು ಸಾಲ್ಗೆ ಸಾಲೇ ಎದ್ದು ಸೀಟ್ ಬುಟ್ಕೊಟ್ರು ಕಣ್ರಲಾ" ಎಂದು ಅವನು ದಿನಾ ಹೇಳುವನು. ಕೇಳಿದವರ ಎದೆ ಉಬ್ಬುವುದು, ಮರಿಸಿದ್ದಯ್ಯನ ಹೊಟ್ಟೆ ಉರಿಯುವುದು.

ಸಾಲದ್ದಕ್ಕೆ ಹೆಂಡತಿ ಮಂಚಮ್ಮ ಮುದ್ದೆ ಬಡಿಸುತ್ತಾ ಹೇಳಿದಳು: "ಕೆಂಪಸಿದ್ದಣ್ಣ ಬಾಂಬೆ ನೋಡ್ಕಂಡ್ ಬಂದವ್ರೆ. ನೀವು ಮದ್ದೂರು ದಾಟುದ್ರೆ ವಾಂತಿ ಮಾಡ್ಕತೀರಿ."

ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ನಾನೂ ಓಯ್ತೀನಿ. ಅವನ್ ತಾವ ಒಂದು ಫೋಟೋನೂ ಇಲ್ಲ, ನಾನ್ ತಕ್ಕಬತ್ತೀನಿ ನೋಡು" ಎಂದ ಮರಿಸಿದ್ದಯ್ಯ. ಮುಂದಿನ ವಾರ ಬೆಂಗಳೂರಿಗೆ ಹೋಗಿ ಬಾಂಬೆ ರೈಲು ಹತ್ತಿಯೇ ಬಿಟ್ಟ.

ಮುತ್ತತ್ತಿಯಲ್ಲಿ ಶ್ರಾವಣದ ಶನಿವಾರ ಸೇರುವಷ್ಟು ಜನ ಬಾಂಬೆ ಸ್ಟೇಷನ್ನಿನ ಒಂದು ಮೆಟ್ಟಿಲ ಮೇಲಿದ್ದರು. ಎಲ್ಲರೂ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡುತ್ತಿದ್ದರು. ಒಬ್ಬನೂ ಯಾವೂರು ಎಂದು ಕೇಳಲಿಲ್ಲ. ಮರಿಸಿದ್ದಯ್ಯ ತಾನಾಗಿಯೇ ನಾಲ್ಕು ಜನಕ್ಕೆ "ನಮ್ದು ಮಂಡ್ಯ" ಎಂದ. ಮೂವರು ನೋಡಲೂ ಇಲ್ಲ, ನಾಲ್ಕನೆಯವನು ಬಾಗಿಲು ತಳ್ಳುವ ಹಾಗೆ ಅವನನ್ನು ತಳ್ಳಿಕೊಂಡು ಹೋದ.

ಇರಲಿ ಎಂದು ಸ್ಟೇಷನ್ನಿನ ಮುಂದೆ ನಿಂತು ಹನ್ನೊಂದು ಫೋಟೊ ತೆಗೆದುಕೊಂಡ. ಕಳ್ಳರ ಭಯಕ್ಕೆ ಫೋನನ್ನು ಟವಲಿನ ತುದಿಯಲ್ಲಿ ಗಂಟು ಹಾಕಿ, ಸಮುದ್ರ ನೋಡಲು ಲೋಕಲ್ ರೈಲಿನ ಪ್ಲಾಟ್‌ಫಾರಂಗೆ ಬಂದ.

ರೈಲು ನಿಲ್ಲುವ ಮೊದಲೇ ಜನ ಒಳಗೆ ಹಾರಿದರು. ಮರಿಸಿದ್ದಯ್ಯನದು ಹಲಗೂರು ಬಸ್ಸಿನ ಅಭ್ಯಾಸ. ಅಲ್ಲಿ ಕಿಟಕಿಯಿಂದ ಟವಲು ಹಾಕಿದರೆ ಮುಗಿಯಿತು. ಟವಲು ಹಾಕಿದವನದೇ ಸೀಟು, ತಹಸೀಲ್ದಾರರು ಬಂದರೂ ಕೂರುವ ಹಾಗಿಲ್ಲ. ಅವನು ಓಡಿಹೋಗಿ ಕಂಬಿಯ ಸಂದಿಯಿಂದ ಟವಲನ್ನು ಸೀಟಿನ ಮೇಲೆ ತೂರಿಸಿದ. ಇನ್ನೇನು ಅವಸರವೆಂದು ನಿಧಾನವಾಗಿ ಬಾಗಿಲ ಬಳಿ ಬಂದು, ಉಳಿದವರು ಹತ್ತಿಕೊಳ್ಳಲಿ ಎಂದು ದೊಡ್ಡ ಮನಸ್ಸಿನಿಂದ ಸರಿದು ನಿಂತ.

ರೈಲು ಹೊರಟೇಬಿಟ್ಟಿತು. ಕಂಡಕ್ಟರಿಲ್ಲ, ರೈಟ್ ಎನ್ನುವವರಿಲ್ಲ. "ಓಲ್ಡಾನ್, ಓಲ್ಡಾನ್" ಎಂದು ಕೂಗುತ್ತಾ ಓಡಿದವನ ಒಂದು ಚಪ್ಪಲಿ ಎಲ್ಲೋ ಉಳಿಯಿತು. ಕಿಟಕಿಯಲ್ಲಿ ಯಾರೋ ಒಬ್ಬ ಅವನ ಟವಲಿನ ಮೇಲೆ ಹಾಯಾಗಿ ಕೂತು ಪೇಪರ್ ಬಿಡಿಸುತ್ತಿದ್ದ.

ಟವಲು ವಾಪಸು ಬಂದೀತೆಂದು ಸಂಜೆಯವರೆಗೂ ಅಲ್ಲೇ ಕಾದ. ಬಂದ ರೈಲೆಲ್ಲ ಒಂದೇ ತರ ಇದ್ದವು. ಪುಣ್ಯಕ್ಕೆ ಹಿಂದಿರುಗುವ ಟಿಕೆಟ್ಟು ಅಂಗಿಯ ಜೇಬಿನಲ್ಲಿತ್ತು. ಸಮುದ್ರವನ್ನೇ ನೋಡದೆ ಊರಿನ ರೈಲು ಹತ್ತಿದ. ಫೋನು ಹೋದದ್ದಕ್ಕಿಂತ ಅವನನ್ನು ಸುಟ್ಟ ಸಂಗತಿಯೇ ಬೇರೆ. ಕೆಂಪಸಿದ್ದಯ್ಯನಿಗೆ ಒಂದು ಸಾಲೇ ಎದ್ದಿತ್ತು, ತನಗೆ ಒಬ್ಬನೂ ಏಳಲಿಲ್ಲ. ಆ ಮೂತಿಯಲ್ಲಿ ಅಂಥದ್ದೇನು ಕಂಡರೋ ಎಂದು ದಾರಿಯುದ್ದಕ್ಕೂ ಸಂಕಟಪಟ್ಟ.

ಹಲಗೂರಿನಲ್ಲಿ ಇಳಿದಾಗ ಟೀ ಅಂಗಡಿ ತುಂಬಿತ್ತು.

"ಏನ್ ಮರಿಸಿದ್ದಣ್ಣ, ನಿಂಗೂ ಎದ್ದು ಸೀಟ್ ಕೊಟ್ರಾ?" ಎಂದಳು ಪಟ್ಟಲಮ್ಮ.

ನಿಜ ಹೇಳಲೆಂದೇ ಮರಿಸಿದ್ದಯ್ಯ ಬಾಯಿ ತೆರೆದ. ಬೆಂಚಿನ ಮೇಲೆ ಕೆಂಪಸಿದ್ದಯ್ಯ ಮುಸಿಮುಸಿ ನಗುತ್ತಿದ್ದುದು ಕಂಡಿತು.

"ಒಂದು ಸಾಲೇನವ್ವ, ಡಬ್ಬಿಗ್ ಡಬ್ಬೀನೇ ಎದ್ ನಿಂತ್ಕತು. ಕೂತ್ಕಳಿ ಅಂತ ಕೈ ಮುಗುದ್ರು. ನಂಗೇ ನಾಚ್ಕೆ ಆಗೋಯ್ತು."

ಕೆಂಪಸಿದ್ದಯ್ಯನ ನಗು ನಿಂತಿತು. ಮರಿಸಿದ್ದಯ್ಯನಿಗೆ ಒಂದು ತಿಂಗಳ ಮೇಲೆ ಚೆನ್ನಾಗಿ ಹಸಿವಾಯಿತು. ಪಟ್ಟಲಮ್ಮ ಮೊದಲ ಲೋಟವನ್ನು ಅವನ ಕೈಗೇ ಕೊಟ್ಟಳು.

"ಇಬ್ರೂ ಯೋಳುದ್ ಮೇಲೆ ನಿಜಾನೇ ಬುಡು" ಎಂದಳು. "ನಮ್ ಸಂಘದ ಹದ್ನೆಂಟು ಎಂಗಸ್ರೂ ಬಾಂಬೆಗೆ ಓಯ್ತೀವಿ. ನಿನ್ನೆಂಡ್ತೀನೇ ಮೊದ್ಲು ಎಸ್ರು ಕೊಟ್ಟವ್ಳೆ. ಕರ್ಕಂಡೋಗಕ್ಕೆ ನಿಮ್ಮಿಬ್ರಲ್ಲಿ ಒಬ್ರು ಬನ್ನಿ."

"ನಂಗೆ ಮಂಡಿ ನೋವು ಕಣವ್ವ" ಎಂದ ಕೆಂಪಸಿದ್ದಯ್ಯ. "ಅವನ್ಗೆ ಡಬ್ಬೀನೇ ಎದ್ದದಲ್ಲ, ಅವ್ನೇ ಬರ್ಲಿ."

ಮರಿಸಿದ್ದಯ್ಯನ ಟೀ ಆರಿತು. ಜನ ಚದುರಿದ ಮೇಲೆ ಕೆಂಪಸಿದ್ದಯ್ಯ ಹತ್ತಿರ ಸರಿದ.

"ಲೋ, ಎದ್ ಸೀಟ್ ಕೊಟ್ರು ಅನ್ನೋದು ನಾನೇ ಕಟ್ಟಿದ್ದು. ನಿಂಗೂ ಎದ್ರು ಅಂದಾಗ್ಲೇ ಗೊತ್ತಾಯ್ತು, ನೀನೂ ಓಗಿಲ್ಲ ಅಂತ. ನಾನು ಬೆಂಗ್ಳೂರು ಸ್ಟೇಷನ್ ಜನ ನೋಡೇ ಎದ್ರುಕಂಡು, ಕೊಕ್ಕರೆ ಬೆಳ್ಳೂರಲ್ಲಿ ಅಕ್ಕನ್ ಮನೇಲಿ ಕೊಕ್ಕರೆ ನೋಡ್ಕಂಡ್ ಕೂತಿದ್ದೆ. ನೀನ್ ಯಾರ ಮನೇಲಿದ್ದೆ?"

"ನಾನು ನಿಜ್ವಾಗ್ಲೂ ಓಗಿದ್ದೆ ಕಣ್ಲಾ" ಎಂದು ಮರಿಸಿದ್ದಯ್ಯ ಅಂಗಿಯ ಜೇಬಿನಿಂದ ಟಿಕೆಟ್ಟು ತೆಗೆದು ತೋರಿಸಿದ.

ಕೆಂಪಸಿದ್ದಯ್ಯ ಅದನ್ನು ತಿರುವಿ ಮುರುವಿ ನೋಡಿದ. ಅವನ ಮುಖದಲ್ಲೂ ಈಗ ಹೊಟ್ಟೆಕಿಚ್ಚು ಕಾಣಿಸಿತು.

"ಎಲ್ಲಿಂದ್ಲೋ ಟಿಕೆಟ್ಟೂ ಒಂಚ್ಕಂಡಿದ್ದೀಯಾ. ಈ ಬುದ್ದಿ ನಂಗೊಳೀಲಿಲ್ಲ ನೋಡು" ಎಂದು ತನ್ನ ಹೊಸ ಟವಲನ್ನು ತೆಗೆದು ಅವನ ಖಾಲಿ ಹೆಗಲ ಮೇಲೆ ಹಾಕಿದ. "ತಕಾ, ಮಡಿಕೊ. ಹದ್ನೆಂಟು ಎಂಗಸ್ರಿಗೆ ಸೀಟ್ ಇಡೀಬೇಕು, ಕಿಟ್ಕಿಗ್ ಆಕಕ್ಕೆ ಬೇಕಾಯ್ತದೆ."