ಕ್ಯಾಲೆಂಡರಿಗೊಂದು ಫ್ಲೆಮಿಂಗೊ

ಕುವೈತಿನಲ್ಲಿ ನಮ್ಮ ಕನ್ನಡ ಸಂಘದವರ ಜೊತೆ ಹಕ್ಕಿ ನೋಡಲು ಹೋದರೆ ಹಕ್ಕಿಯೊಂದನ್ನು ಬಿಟ್ಟು ಮತ್ತೆಲ್ಲ ಕಾಣುತ್ತದೆ ಮಾರಾಯ್ರೆ. ಈ ಸಲ ಸಂಘದ ಕ್ಯಾಲೆಂಡರಿನ ಮುಖಪುಟಕ್ಕೆ ಫ್ಲೆಮಿಂಗೊ ಫೋಟೋ ತೆಗೆಯುವ ಕೆಲಸ ನನ್ನದು. ಕೆಳಗೆ ನನ್ನ ಹೆಸರು ಹಾಕುತ್ತೇವೆ ಎಂದಿದ್ದರು. ಶುಐಬಾದ ಆಫೀಸಿನಲ್ಲಿ ಕೂದಲು ನರೆತರೂ ಎಲ್ಲೂ ಹೆಸರು ಅಚ್ಚಾಗದವನು ನಾನು. ಆಸೆ ಆಗದೆ ಇರುತ್ತದೆಯೇ?

ಗುಲಾಬಿ ಪಡೆ

ಸಂಘವೆಂದ ಮೇಲೆ ಡ್ರೆಸ್ ಕೋಡ್ ಬೇಕಲ್ಲ! ಫ್ಲೆಮಿಂಗೊ ಗುಲಾಬಿ, ಹಾಗಾಗಿ ನಾವೆಲ್ಲರೂ ಗುಲಾಬಿ ಎಂದು ಅಧ್ಯಕ್ಷರ ಅಪ್ಪಣೆ. ಶುಕ್ರವಾರ ಬೆಳಿಗ್ಗೆ ಖೈತಾನಿನಿಂದ ಹೊರಟ ಬಸ್ಸಿನ ತುಂಬ ಗುಲಾಬಿ ಸೀರೆ, ಗುಲಾಬಿ ಶರ್ಟು.

"ಹಕ್ಕಿ ನೋಡಲಿಕ್ಕೆ ಮಣ್ಣಿನ ಬಣ್ಣದ ಬಟ್ಟೆ ಹಾಕಬೇಕು" ಎಂದೆ.

"ನೀವು ಹಾಕಿಕೊಳ್ಳಿ. ಫೋಟೋದಲ್ಲಿ ಹೇಗೂ ನೀವು ಇರುವುದಿಲ್ಲವಲ್ಲ" ಎಂದರು ಅಧ್ಯಕ್ಷರು.

ಸದ್ದು ಮಾಡಬಾರದು

ಪಕ್ಷಿಧಾಮದಲ್ಲಿ ಇಳಿದೊಡನೆ ಅಲ್ಲಿಯ ಕಾವಲುಗಾರ ಬಾಯಿಗೆ ಬೆರಳಿಟ್ಟು ತೋರಿಸಿದ. ನಾನು ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದೆ. ನೀರಲ್ಲಿ ಫ್ಲೆಮಿಂಗೊ ಸಾಲು. ಹಿಂದಿನಿಂದ ಕರುಮ್ ಕುರುಮ್! ತಿರುಗಿದರೆ ಎಲ್ಲರ ಕೈಯಲ್ಲೂ ಕೋರಿ ರೊಟ್ಟಿಯ ಹಪ್ಪಳದಂಥ ಗರಿಗರಿ ತುಂಡು.

"ಮೆಲ್ಲ ತಿನ್ನಿ ಅಕ್ಕ" ಎಂದು ಅಧ್ಯಕ್ಷರ ಹೆಂಡತಿಗೆ ಕೈಮುಗಿದೆ.

ಅವರು ಹಕ್ಕಿಯನ್ನು ಮೇಲಿಂದ ಕೆಳಗೆ ಅಳೆದು, "ಬರೀ ಕಾಲೇ ಉಂಟಲ್ಲ ಇದಕ್ಕೆ! ಸುಕ್ಕ ಮಾಡಿದರೆ ಒಂದು ಮನೆಗೆ ಸಾಲದು" ಎಂದರು.

ಬ್ಯಾನರು

"ಯಲ್ಲಾ, ಬನ್ನಿ ಬನ್ನಿ, ಗ್ರೂಪ್ ಫೋಟೋ!" ಅಧ್ಯಕ್ಷರು ಕೂಗಿದರು. ಸಂಘದ ಬ್ಯಾನರು ಗಾಳಿಗೆ ಪಟಪಟ ಬಡಿಯಿತು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನಮ್ಮವರೆಲ್ಲ ತಿರುಗಿ ಬಾಯಿಬಿಟ್ಟು ನಿಂತರು. ನಾನು ಕ್ಲಿಕ್ಕಿಸಿದೆ. ಆಕಾಶ ತುಂಬ ಗುಲಾಬಿ ರೆಕ್ಕೆ! ಅಂಥ ಫೋಟೋ ಜನ್ಮಕ್ಕೊಂದು.

ಅಧ್ಯಕ್ಷರು ಕ್ಯಾಮೆರಾ ಕಿತ್ತುಕೊಂಡು ನೋಡಿದರು. "ಎಂಥದು ಇದು? ಸಮಿತಿಯ ಒಬ್ಬರ ಮುಖವೂ ಇಲ್ಲ, ಬರೀ ಬೆನ್ನು!" ಎಂದು ಅಳಿಸಿಯೇಬಿಟ್ಟರು. "ಖಲಾಸ್. ಈಗ ಸರಿಯಾಗಿ ನಿಲ್ಲುತ್ತೇವೆ, ತೆಗೀರಿ."

ಕ್ಯಾಮೆರಾ ವಾಪಸ್ ಪಡೆದು, ಹಕ್ಕಿಯಿಲ್ಲದ ನೀರಿನ ಮುಂದೆ ಅವರನ್ನು ನಿಲ್ಲಿಸಿ ತೆಗೆದೆ.

ಮುಖಪುಟ

ಕ್ಯಾಲೆಂಡರ್ ಬಿಡುಗಡೆಯಾಯಿತು. ಮುಂದೆ ಹಲ್ಲುಕಿರಿದ ಸಮಿತಿ. ಹಿಂದೆ ಖಾಲಿ ಕಾಣುತ್ತದೆಂದು ಅಧ್ಯಕ್ಷರೇ ಇಂಟರ್‌ನೆಟ್ಟಿನಿಂದ ಹಕ್ಕಿ ತಂದು ಅಂಟಿಸಿದ್ದರು. ನೀರಿನ ಮೇಲೆ ಸಾಲಾಗಿ ನಿಂತಿದ್ದವು.

"ಅಧ್ಯಕ್ಷರೇ, ಇದು ಟರ್ಕಿ ಕೋಳಿ!"

"ಕುತ್ತಿಗೆ ಗುಲಾಬಿ ಉಂಟಲ್ಲ? ಸಾಕು" ಎಂದು ನನಗೆ ಶಾಲು ಹೊದೆಸಿದರು.

ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಮನೆಗೆ ತಂದು ಮುಚ್ಚಿಡುವಷ್ಟರಲ್ಲಿ ಹೆಂಡತಿ ನೋಡಿಬಿಟ್ಟಳು.

"ಇದನ್ನು ನಾನು ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ ಮಾತ್ರ ನೋಡಿದ್ದು. ಪುಕ್ಕ ಸಮೇತ ನಿಮಗೆ ಯಾವ ಅಂಗಡಿಯಲ್ಲಿ ಸಿಕ್ಕಿತು?"