ಎರಡು ಬದಿಯಲ್ಲೂ ಇಲ್ಲದ ನಮ್ಮಕ್ಕನ ಕುರಿತು

ಮಾನ್ಯರೇ,

ಡಬ್ ಮತ್ತು ರೂಟ್ಸ್ ರೆಗ್ಗೆ ಎಂಬ ಜಮೈಕಾ ಸಂಗೀತದ ರೆಕಾರ್ಡುಗಳನ್ನು ಹೊರತರುವ ಕಂಪನಿಯ ಮಾಲೀಕರೂ, ಬಾಸ್ ಎಂಬ ತಗ್ಗು ನಾದದ ಪೋಷಕರೂ, ನಮ್ಮ ಬೀದಿಯ ಕಿಟಕಿ ಗಾಜುಗಳ ಪರೀಕ್ಷಕರೂ ಆದ ತಮಗೆ ಸ್ಪೀಕರ್ ಪೆಟ್ಟಿಗೆ ಮಾಡುವ ಬಡಗಿಯೊಬ್ಬನ ನಮಸ್ಕಾರಗಳು. ತಮ್ಮ ಹೊಸ ಬಿಡುಗಡೆ ಕೈಸೇರಿದೆ. ಹೊದಿಕೆಯ ಬಣ್ಣ ಚೆನ್ನಾಗಿದೆ, ರೆಕಾರ್ಡ್ ದುಂಡಗಿದೆ, ತೂತು ನಡುವೆಯೇ ಇದೆ. ಹೊಗಳಬೇಕಾದ್ದನ್ನು ಮೊದಲೇ ಜಮಾ ಮಾಡಿಬಿಟ್ಟಿದ್ದೇನೆ. ಇನ್ನುಳಿದಿರುವುದು ಖರ್ಚಿನ ಬಾಬ್ತು.

ಬಹಿರಂಗ ಪತ್ರವಾದ್ದರಿಂದ ತಮಗೆ ಗೊತ್ತಿರುವುದನ್ನೇ ಒಮ್ಮೆ ಹೇಳುತ್ತೇನೆ, ಮನ್ನಿಸಬೇಕು. ರೆಕಾರ್ಡಿನ ಒಂದು ಬದಿಯಲ್ಲಿ ಹಾಡಿರುತ್ತದೆ. ಮಗುಚಿದರೆ ಅದೇ ಹಾಡಿನ ಡಬ್: ಎಂಜಿನಿಯರ್ ತನ್ನ ಗುಂಡಿಗಳ ಮುಂದೆ ಕೂತು, ಹಾಡುವವರನ್ನು ಮೆಲ್ಲಗೆ ಹೊರಗೆ ಕಳಿಸಿ, ಡ್ರಮ್ಮು ಬಾಸುಗಳನ್ನು ಮುಂದಕ್ಕೆ ತಂದು, ಪದದ ಒಂದೆರಡು ಚೂರನ್ನು ಪ್ರತಿಧ್ವನಿಗೆ ಕೊಟ್ಟು, ಉಳಿದ ಜಾಗವನ್ನು ಖಾಲಿ ಬಿಡುತ್ತಾನೆ. ಆಳೆತ್ತರದ ಪೆಟ್ಟಿಗೆಗಳನ್ನು ಗೋಡೆಯಂತೆ ಒಟ್ಟಿದ ಸೌಂಡ್ ಸಿಸ್ಟಂ ಮುಂದೆ ನಿಂತು ಅದನ್ನು ಎದೆಗೂಡಿನಲ್ಲಿ ಕೇಳಿಸಿಕೊಳ್ಳುವ ಸುಖಕ್ಕೆ ನಾನು ವಿರೋಧಿಯಲ್ಲ. ಆ ಪೆಟ್ಟಿಗೆಗಳಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ.

ಫಿರ್ಯಾದು ನಮ್ಮಕ್ಕನದು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳು, ದಿನವಿಡೀ ನಿಂತೇ ಕೆಲಸ ಮಾಡುವವರ ಮೇಲೆ ತಾನೇ ಕಟ್ಟಿದ ಹಾಡನ್ನು ಹಬೆಯ ನಡುವೆ ಗುನುಗುತ್ತಿದ್ದಾಗ, ಅಂಗಿಗಳಿಗೆಂದು ಬಂದ ತಾವು ಅಂಗಿ ಮರೆತು ನಿಂತಿರಿ. ಇದು ರೆಕಾರ್ಡ್ ಆಗಲೇಬೇಕು ಎಂದವರೂ ತಾವೇ. ಅಕ್ಕ ರಜೆ ಹಾಕಿ, ಸೈಕಲ್ ಅಂಗಡಿಯ ಮೇಲಿನ ತಮ್ಮ ಧ್ವನಿಮುದ್ರಣ ಕೋಣೆಗೆ ಬಂದು, ಗಂಟಲು ಸರಿಮಾಡಿಕೊಂಡು ಹಾಡಿದಳು. ಎಂಜಿನಿಯರ್ ಗಾಜಿನಾಚೆಯಿಂದ ಹೆಬ್ಬೆರಳೆತ್ತಿದ್ದನ್ನು ನಮಗೆಲ್ಲ ಅದೆಷ್ಟು ಬಾರಿ ಮಾಡಿ ತೋರಿಸಿದ್ದಾಳೋ.

ಬಿಡುಗಡೆಯ ಸಂಜೆ ಸಭಾಂಗಣಕ್ಕೆ ಲಾಂಡ್ರಿಯವರೆಲ್ಲ ಬಂದಿದ್ದರು, ಭಾವ ಬಂದಿದ್ದರು, ಹಾಡಿ ಏನು ಕಡಿದು ಕಟ್ಟೆ ಹಾಕಬೇಕಾಗಿದೆ ಎಂದು ಮದುವೆಯಾದಂದಿನಿಂದ ಕೇಳುತ್ತಲೇ ಇರುವ ಅಕ್ಕನ ಅತ್ತೆಯೂ ಬಂದಿದ್ದರು. ಆ ಒಂದು ಪ್ರಶ್ನೆಗೆ ಉತ್ತರವಾಗಲೆಂದೇ ಅಕ್ಕ ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಳು. ರೆಕಾರ್ಡ್ ಶುರುವಾಯಿತು. ಡ್ರಮ್ ಬಂತು, ಬಾಸ್ ಬಂತು, ಅಕ್ಕನ ತುಟಿ ಅಲುಗಿತು, ಹಾಡು ಮಾತ್ರ ಬರಲಿಲ್ಲ. ಬಂದದ್ದು ಅವಳು ಗಂಟಲು ಸರಿಮಾಡಿಕೊಂಡ ಕೆಮ್ಮು. ಅದು ಎಡಗಡೆಯ ಪೆಟ್ಟಿಗೆಯಲ್ಲಿ ಹೊರಟು, ಬಲಗಡೆಯದಕ್ಕೆ ದಾಟಿ, ಸೂರಿನಲ್ಲಿ ಸುತ್ತು ಹೊಡೆದು ಕರಗಿತು. ಜನ ಕುಣಿದರು, ಮೊದಲಿಂದ ಹಾಕಿ ಎಂದರು. ಬದಿ ಮಗುಚಿದರೆ ಅಲ್ಲೂ ಡಬ್, ಅಲ್ಲೂ ಅದೇ ಕೆಮ್ಮು.

“ಕೆಮ್ಮೋಕೆ ರಜ ಹಾಕಿ ಹೋಗಿದ್ಯೇನಮ್ಮಾ?” ಎಂದು ಅತ್ತೆ ತಣ್ಣಗೆ ಕೇಳಿದರು.

ಅಕ್ಕ ನನ್ನ ಕಡೆ ತಿರುಗಿ, “ಕೆಮ್ಮು ನಂದೇ ಕಣೋ. ನಾನೆಲ್ಲಿ?” ಎಂದಳು.

ಈ ಪ್ರಶ್ನೆ ಹಿಡಿದು ತಮ್ಮ ಕಚೇರಿಗೆ ಬಂದಾಗ ಸಿಕ್ಕ ಉತ್ತರ ಅಮೋಘ. ಕಾರ್ಖಾನೆಗೆ ಕಣ್ತಪ್ಪಿನಿಂದ ಡಬ್ ಅನ್ನೇ ಎರಡು ಬದಿಗೂ ಕಳಿಸಿದ್ದಾಗಿದೆ. ಹೇಗೂ ಸೌಂಡ್ ಸಿಸ್ಟಂ ಕೇಳುಗರು ಮಗುಚಿಯೇ ಹಾಕುವುದು. ಅಕ್ಕ ಹಾಡಿದ್ದ ಟೇಪನ್ನು ಅಳಿಸಿ, ಅದರ ಮೇಲೆ ಬೇರೆ ತಂಡದವರನ್ನು ಆಗಲೇ ಏರಿಸಿಯಾಗಿದೆ. ಮರುವಾರ ಹೊದಿಕೆಯ ಮೇಲೆ ‘ವಿಶೇಷ ಜೋಡಿ ಡಬ್ ಆವೃತ್ತಿ, ಮೌನವೇ ಇಲ್ಲಿ ಗಾಯಕಿ’ ಎಂಬ ಚೀಟಿ ಅಂಟಿತು. ತಪ್ಪಿಗೆ ಇಷ್ಟು ನೀಟಾಗಿ ಇಸ್ತ್ರಿ ಹಾಕಿ ಮಡಿಸಿಕೊಡುವ ವಿದ್ಯೆ ನಮ್ಮಕ್ಕನಿಗೂ ಗೊತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಈ ರೆಕಾರ್ಡಿಗೆ ದಯವಿಟ್ಟು ಮೂರನೆಯ ಬದಿಯೊಂದನ್ನು ಮಂಜೂರು ಮಾಡಿ, ಅದರಲ್ಲಿ ಹಾಡನ್ನು ಹಾಕಿಸಬೇಕು. ಅದಾಗದಿದ್ದರೆ ಖುದ್ದು ಬಂದು, ಮೌನದ ಮಹಿಮೆಯನ್ನು ಅಕ್ಕನ ಅತ್ತೆಗೆ ಅವರ ಅಡುಗೆಮನೆಯಲ್ಲಿ ನಿಂತು ವಿವರಿಸಬೇಕು. ಎರಡೂ ಒಲ್ಲೆನೆಂದರೆ, ತಮ್ಮ ಅಂಗಿಗಳನ್ನೂ ಇದೇ ತತ್ವದಂತೆ, ಬಟ್ಟೆ ತೆಗೆದು ಕಾಲರ್ ಮಾತ್ರ ಉಳಿಸಿ ಒಪ್ಪಿಸಲು ಲಾಂಡ್ರಿಗೆ ಲಿಖಿತ ಅನುಮತಿ ಕೊಡಬೇಕು.

ಇಷ್ಟರ ನಡುವೆ ತಮಗೆ ಧನ್ಯವಾದವನ್ನೂ ಹೇಳಬೇಕಾಗಿ ಬಂದಿದೆ. ಡಬ್ ಓಡುವಾಗ ಮೈಕ್ ಹಿಡಿದು ಅದರ ಮೇಲೆ ಹಾಡುವುದು ಈ ಸೌಂಡ್ ಸಿಸ್ಟಂ ಸಭೆಗಳ ವಾಡಿಕೆಯಷ್ಟೆ. ಕಳೆದ ಭಾನುವಾರ ರೆಕಾರ್ಡ್ ಹಾಕುವಾತ ಮೈಕನ್ನು ನಮ್ಮಕ್ಕನ ಕೈಗಿತ್ತ. ತಾವು ಖಾಲಿ ಬಿಟ್ಟ ಜಾಗ ಸರಿಯಾಗಿ ಅವಳ ಅಳತೆಗೇ ಇತ್ತು. ಇರಲೇಬೇಕಲ್ಲ, ಅವಳನ್ನು ಎಬ್ಬಿಸಿ ಕಳಿಸಿದ ಜಾಗ ತಾನೆ. ಅವಳು ಒಂದು ಬದಿ ಹಾಡಿ, ಮಗುಚಿಸಿ, ಇನ್ನೊಂದು ಬದಿಗೆ ಹೊಸ ಸಾಲು ಕಟ್ಟಿ ಹಾಡಿದಳು. ಅಂದೂ ಬಂದಿದ್ದ ಅತ್ತೆ ಕೊನೆಯವರೆಗೂ ಜಾಗ ಬಿಟ್ಟು ಕದಲಲಿಲ್ಲ. ಮರುದಿನ ಪಾತ್ರೆ ತೊಳೆಯುತ್ತ ಅವರು ಅದನ್ನೇ ಗುನುಗುತ್ತಿದ್ದರೆಂದು ಭಾವ ಆಣೆ ಇಡುತ್ತಾರೆ. ಅತ್ತೆಯನ್ನು ಕೇಳಿದರೆ ನೀರಿನ ಸದ್ದು ಎನ್ನುತ್ತಾರೆ.

ಇಷ್ಟಾದ ಮೇಲೂ,
ತಮ್ಮ ವಿಶ್ವಾಸಿ,
ಪೆಟ್ಟಿಗೆ ಮಾಡುವವನು

ವಿ.ಸೂ.: ಆ ಹಾಡನ್ನು ಮತ್ತೆ ಮುದ್ರಿಸಿಕೊಳ್ಳುವ ಇಚ್ಛೆ ತಮಗಿದೆಯೆಂದು ಕೇಳಿದೆ. ಅಕ್ಕನ ಷರತ್ತು ಒಂದೇ: ಆ ದಿನ ಎಂಜಿನಿಯರ್ ಬದಲು ಗುಂಡಿಗಳ ಮುಂದೆ ನಾನು ಕೂರಬೇಕಂತೆ. ನನಗೆ ಆ ಕೆಲಸದ ಗಂಧಗಾಳಿ ಇಲ್ಲವೆಂದೆ. ಅದಕ್ಕೇ ನೀನು ಬೇಕು, ಗೊತ್ತಿಲ್ಲದವನು ಯಾವುದನ್ನೂ ಮುಟ್ಟುವುದಿಲ್ಲ ಎಂದಳು.